ಹಲಗೆ ಹತ್ತಿ ಇಳಿದ ಇಲಿಗಳು

ಮಿದುಳಿನ ಜೀವಕೋಶಗಳು ಗ್ಲುಟಮೇಟ್ ಎಂಬ ರಸದ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಆ ರಸವನ್ನು ಬರಮಾಡಿಕೊಳ್ಳುವ ಬಾಗಿಲುಗಳನ್ನು ಮದ್ದಿನಿಂದ ಮುಚ್ಚಿದರೆ ಪ್ರಾಣಿಯ ನಡೆ ಹೇಗೆ ಬದಲಾಗುತ್ತದೆ ಎಂಬುದನ್ನು ಮೂವತ್ತೊಂದು ವರ್ಷ ಇಲಿಗಳ ಮುಂದೆ ಕುಳಿತು ಅರಿತವರು, ಈ ತಿಂಗಳು ನಿವೃತ್ತರಾಗುತ್ತಿರುವ ಮೇಷ್ಟ್ರು.

ಅವರು ಕೆಲಸಕ್ಕೆ ಸೇರಿದಾಗ ಪ್ರಯೋಗಾಲಯವೆಂದರೆ ಒಂದು ಕಿಟಕಿ, ಆರು ಪಂಜರ. ಇಲಿಯನ್ನು ಎತ್ತುವ ಮುನ್ನ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕೆಂದು ಬಂದವರಿಗೆಲ್ಲ ಕಲಿಸಿದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಪಂಜರ ತೊಳೆಯಲು ಬಂದ ಹುಡುಗಿಗೂ ಕಲಿಸಿದರು. ಮಾತನಾಡಿಸಿದರೆ ಗೋಡೆಗೆ ಅಂಟಿಕೊಳ್ಳುತ್ತಿದ್ದ ಅವಳನ್ನು ‘ಪಿಸುಮಾತಮ್ಮ’ ಎಂದು ಕರೆದು ನಗಿಸಿದರು.

ಐದು ವರ್ಷದ ಹಿಂದಿನ ಮಾತು. ಪ್ರಯೋಗದ ತೊಟ್ಟಿಯ ಕದಡಿದ ನೀರಿನಡಿ ಒಂದು ಹಲಗೆ ಅಡಗಿರುತ್ತದೆ. ಈಜುವ ಇಲಿ ಅದನ್ನು ಹುಡುಕಿ ಹತ್ತಿ ನಿಲ್ಲಬೇಕು. ಮದ್ದು ಪಡೆದ ಇಲಿಗಳು ನಿಲ್ಲಲು ಬಹಳ ಹೊತ್ತು ತೆಗೆದುಕೊಂಡವು. ಮದ್ದು ಮರೆವು ತರುತ್ತದೆಂದು ಮೇಷ್ಟ್ರು ಪ್ರಬಂಧ ಬರೆದು ಮುಗಿಸಿದರು. ಅವರಿಗೆ ಸಿಗಬೇಕಿದ್ದ ವಿಭಾಗದ ಮುಖ್ಯಸ್ಥರ ಹುದ್ದೆ ಅದನ್ನೇ ನೆಚ್ಚಿಕೊಂಡಿತ್ತು. ಅದನ್ನು ಪತ್ರಿಕೆಗೆ ಕಳುಹಿಸುವ ದಿನ ಹುಡುಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

“ಸಾರ್, ಅವು ಮರೆತಿಲ್ಲ. ಹಲಗೆ ಹತ್ತಿ ಮತ್ತೆ ಇಳಿದು ಹೋಗ್ತವೆ. ಕಾಲಿಗೆ ಸಿಕ್ಕಿದ್ದು ಏನಂತ ಅವಕ್ಕೆ ಗೊತ್ತಾಗ್ತಿಲ್ಲ.”

“ಯಾವಾಗಿಂದ ನೋಡ್ತಿದೀಯ?”

“ಮೊದಲಿಂದ. ನಿಮಗೂ ಕಂಡಿರುತ್ತೆ ಅನ್ಕೊಂಡೆ.”

ಮೇಷ್ಟ್ರಿಗೆ ಕಂಡಿರಲಿಲ್ಲ. ಅವರ ಕಣ್ಣು, ಎಲ್ಲರ ಕಣ್ಣು, ಕೈಯಲ್ಲಿದ್ದ ಗಡಿಯಾರದ ಮೇಲಿತ್ತು. ಮರುದಿನ ಗಡಿಯಾರವನ್ನು ಮೇಜಿನ ಮೇಲಿಟ್ಟು ತೊಟ್ಟಿಯನ್ನೇ ನೋಡಿದರು. ಸಂಜೆ ಪ್ರಬಂಧವನ್ನು ಕಪಾಟಿಗೆ ಸೇರಿಸಿದರು.

“ಪಂಜರ ತೊಳೆಯೋಳ ಮಾತು ಕೇಳಿ ಎರಡು ವರ್ಷದ ಕೆಲಸ ನೀರಿಗೆ ಹಾಕ್ತೀರಾ?” ಎಂದು ಸಹೋದ್ಯೋಗಿಯೊಬ್ಬರು ಮೂದಲಿಸಿದರು.

“ನೀರಲ್ಲೇ ಇತ್ತಲ್ಲಪ್ಪ, ನಾನೇ ಇಣುಕಿ ನೋಡಿರ್ಲಿಲ್ಲ,” ಎಂದರು ಮೇಷ್ಟ್ರು.

ಮತ್ತೆ ಮೊದಲಿನಿಂದ ಆರಂಭ. ಈ ಸಲ ಮದ್ದು ಕೊಡುವ ಮುನ್ನವೇ ಇಲಿಗಳಿಗೆ ಈಜುವುದನ್ನೂ ಹಲಗೆ ಹತ್ತಿ ನಿಲ್ಲುವುದನ್ನೂ ರೂಢಿ ಮಾಡಿಸಿದರು. ಆಮೇಲೆ ಹಲಗೆಯ ಜಾಗ ಬದಲಿಸಿದರೂ, ಮದ್ದು ಪಡೆದವುಗಳಲ್ಲಿ ಹೆಚ್ಚಿನವು ಹೊಸ ಜಾಗವನ್ನು ಕಲಿತವು. ಮದ್ದು ಮರೆವು ತರುತ್ತದೆಂಬ ದೊಡ್ಡ ಮಾತು, ಹಲಗೆಯ ರೂಢಿಯಿಲ್ಲದ ಇಲಿಯನ್ನು ಅದು ಗಲಿಬಿಲಿಗೊಳಿಸುತ್ತದೆಂಬಷ್ಟಕ್ಕೆ ಸಣ್ಣದಾಯಿತು, ಆದರೆ ನಿಜವಾಯಿತು. ಹುದ್ದೆ ಬೇರೆಯವರ ಪಾಲಾಯಿತು. ಪ್ರಬಂಧದ ಕೊನೆಯ ಕೃತಜ್ಞತೆಯಲ್ಲಿ ಮೊದಲ ಸಾಲು ಪಂಜರ ತೊಳೆಯುವವಳದು.

ಮೇಷ್ಟ್ರು ಆರೋಗ್ಯವಾಗಿ ನೂರ್ಕಾಲ ಬಾಳಲಿ, ನೋಡುವ ಕೆಲಸವನ್ನು ಬಿಡದಿರಲಿ. ಮೂರನೆಯ ಪಂಜರದ ಹೊಸ ಇಲಿ ಹತ್ತು ದಿನದಿಂದ ಏನೋ ವಿಚಿತ್ರ ಮಾಡುತ್ತಿದೆ. ನಿವೃತ್ತಿಯ ನಂತರವೂ ಅವರು ಬಂದು ಕೇಳಲೆಂದು ಹುಡುಗಿ ಅದನ್ನು ಇನ್ನೂ ಯಾರಿಗೂ ಹೇಳಿಲ್ಲ.