ಹೊರಗಿನ ಕುರ್ಚಿಯವರು

ಅವರ ಎಡದವಡೆಯ ಕೆಳಗೆ, ಕತ್ತು ಆರಂಭವಾಗುವಲ್ಲಿ, ಹುಣಸೆಬೀಜದಷ್ಟು ದೊಡ್ಡದಾದ, ಹುಣಸೆಬೀಜದ್ದೇ ಬಣ್ಣದ ಒಂದು ಗುರುತಿತ್ತು. ಐವತ್ತು ವರ್ಷ ವಯೋಲಾ ಒತ್ತಿ ಒತ್ತಿ ಜಡ್ಡುಗಟ್ಟಿದ ಚರ್ಮ ಅದು. ಅವರಿದ್ದ ನೋವೈ ಊರಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಯಾರಾದರೂ "ಏನ್ ಸರ್ ಅದು, ಸುಟ್ಕೊಂಡ್ರಾ?" ಎಂದು ಕೇಳಿದರೆ, "ಇಲ್ಲ ಸರ್, ಹೆಂಡ್ತಿಗಿಂತ ಮುಂಚೆ ಬಂದೋಳು ಒಬ್ಳಿದಾಳೆ, ಅವಳು ಒತ್ತಿದ ಮುದ್ರೆ" ಎನ್ನುತ್ತಿದ್ದರು. ಪಕ್ಕದಲ್ಲಿದ್ದ ಅವರ ಪತ್ನಿ, "ಕಾರಲ್ಲಿ ಅವಳಿಗೆ ಫ್ರಂಟ್ ಸೀಟು, ನಂಗೆ ಹಿಂದೆ" ಎಂದು ಸೇರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಆ ಗುರುತನ್ನೇ ನೋಡುತ್ತ ನಿಲ್ಲುತ್ತಿದ್ದೆ. ಹನ್ನೆರಡು ವರ್ಷ ಅದೇ ವಾದ್ಯವನ್ನು ನುಡಿಸಿದ್ದರೂ ನನ್ನ ಕತ್ತಿನಲ್ಲಿ ಅಂಥದ್ದೇನೂ ಮೂಡಿರಲಿಲ್ಲ. ಅವರ ಮೇಲಿನ ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಆರಂಭವಾಯಿತು.

ವಯೋಲಾ ಎಂದರೆ ವಯೋಲಿನ್‌ಗಿಂತ ತುಸು ದೊಡ್ಡ, ತುಸು ತಗ್ಗಿದ ದನಿಯ ವಾದ್ಯ. ಐದನೆಯ ತರಗತಿಯಲ್ಲಿ ಶಾಲೆಯವರು ಮಕ್ಕಳಿಗೆ ವಾದ್ಯಗಳನ್ನು ಹಂಚಿದಾಗ ಕೊನೆಯಲ್ಲಿ ಉಳಿದದ್ದು ಅದೊಂದೇ, ಹಾಗಾಗಿ ನನ್ನದಾಯಿತು. ನಮ್ಮ ತಂದೆ ನೋವೈ ಪಕ್ಕದ ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ನಮ್ಮ ವಂಶದಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು, ಸ್ವರಲಿಪಿ ಓದಿದವಳೂ ನಾನೇ ಮೊದಲು. ನಾನು ಅಂಕಲ್ ಎಂದು ಕರೆಯುತ್ತಿದ್ದ, ಆ ಗುರುತಿನ ಯಜಮಾನರ ಅಜ್ಜನಾದರೋ ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ನುಡಿಸಿದವರು. ಅಂಕಲ್ ಕಾರು ಕಂಪನಿಯ ಎಂಜಿನಿಯರ್ ಆಗಿ ಇತ್ತ ಬರುವ ಮೊದಲು, ತಾರುಣ್ಯದಲ್ಲಿ, ಶಿಕಾಗೊ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ಕೋಣೆ ಹಿಡಿದಿದ್ದರಂತೆ. ಶನಿವಾರ ಬಂದರೆ ರೈಲು ಹತ್ತಿ ಶಿಕಾಗೊ ನಗರಕ್ಕೆ ಹೋಗಿ, ಸಭಾಂಗಣದ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕುಳಿತು ಸಿಂಫನಿಗಳನ್ನು, ಹಲವು ಭಾಗಗಳ ಆ ದೊಡ್ಡ ವಾದ್ಯಮೇಳದ ಕೃತಿಗಳನ್ನು, ಕೇಳಿದವರು. ನಾನು ಗ್ರಂಥಾಲಯದ ಪುಸ್ತಕದಿಂದ ಬಾಯಿಪಾಠ ಮಾಡಿದ ಸಂಯೋಜಕರೆಲ್ಲ ಅವರಿಗೆ ನೆಂಟರಾಗಿದ್ದರು.

ನೆಂಟರೆಂದೇ ಅವರನ್ನು ಕರೆಯುತ್ತಿದ್ದರು ಕೂಡ. ನೂರಕ್ಕೂ ಹೆಚ್ಚು ಸಿಂಫನಿ ಬರೆದವರು "ದೊಡ್ಡಪ್ಪ". ಕಿವಿ ಹೋದ ಮೇಲೂ ಬರೆದು ಒಂಬತ್ತಕ್ಕೆ ನಿಲ್ಲಿಸಿದವರು "ಕಿವುಡ ಮಾವ". ಆ ಮಾವನ ಕೀರ್ತಿಗೆ ಅಂಜಿ, ನಲವತ್ತು ದಾಟುವವರೆಗೂ ತಮ್ಮ ಮೊದಲ ಸಿಂಫನಿಯನ್ನು ಮುಗಿಸಲಾರದೆ ತಿದ್ದುತ್ತ ಕುಳಿತವರು "ಗಡ್ಡದ ಭಾವ". ನಾನು ಜರ್ಮನ್ ಉಚ್ಚಾರಣೆ ತಪ್ಪದ ಹಾಗೆ ಪೂರ್ಣ ಹೆಸರು ಹೇಳಿದರೆ, "ಏನಮ್ಮ, ಇಮಿಗ್ರೇಷನ್ ಆಫೀಸರ್ ಥರ ಕರೀತೀಯಲ್ಲ ಭಾವನ್ನ! ಮೊದ್ಲೇ ಹೆದರ್ಪುಕ್ಲ, ಪಾಪ" ಎನ್ನುತ್ತಿದ್ದರು. ಮನೆಯವರು ಹೇಗೆ ಕರೆದರೂ ನಡೆಯುತ್ತದೆ. ಹೊರಗಿನಿಂದ ಬಂದವರು ತಪ್ಪಿಲ್ಲದೆ ಉಚ್ಚರಿಸಬೇಕಾಗುತ್ತದೆ. ಅವರ ಆ ಸಲೀಸನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ವಿಕ್ಸಮ್‌ನ ಶಾಲೆಯೊಂದರಲ್ಲಿ ಮಂಗಳವಾರ ಸಂಜೆ ನಮ್ಮ ಹವ್ಯಾಸಿ ಆರ್ಕೆಸ್ಟ್ರಾದ ಅಭ್ಯಾಸ ನಡೆಯುತ್ತಿತ್ತು. ತಂತಿವಾದ್ಯದವರು ಇಬ್ಬಿಬ್ಬರಾಗಿ ಒಂದು ಸ್ಟ್ಯಾಂಡಿನ ಮುಂದೆ ಕುಳಿತು, ಒಂದೇ ಸ್ವರಲಿಪಿ ಪುಸ್ತಕ ನೋಡಿ ನುಡಿಸುವುದು ಪದ್ಧತಿ. ಪ್ರೇಕ್ಷಕರ ಕಡೆಗಿರುವುದು ಹೊರಗಿನ ಕುರ್ಚಿ. ಅದರ ಮರೆಯಲ್ಲಿರುವುದು ಒಳಗಿನ ಕುರ್ಚಿ. ಪುಟ ಮುಗಿಯುವ ಹೊತ್ತಿಗೆ ಒಳಗಿನವರು ನುಡಿಸುವುದನ್ನು ನಿಲ್ಲಿಸಿ ಪುಟ ತಿರುವಬೇಕು, ಹೊರಗಿನವರು ನುಡಿಸುತ್ತಲೇ ಇರಬೇಕು. ಅಂಕಲ್ ಹೊರಗೆ, ನಾನು ಒಳಗೆ. ಪ್ರತಿ ಪುಟದ ಕೊನೆಯ ಸ್ವರಗಳು ಅವರ ಪಾಲಿಗೆ, ಕಾಗದ ನನ್ನ ಪಾಲಿಗೆ.

ಮೊದಲ ಕಛೇರಿಗೆ ತಂದೆ ಬಂದಿದ್ದರು. ಹಿಂತಿರುಗುವಾಗ ಕಾರಿನಲ್ಲಿ, "ಎಲ್ಲಿ ಕೂತಿದ್ದೆ ನೀನು? ಆ ಯಜಮಾನ್ರ ಹಿಂದೆ ಒಂದು ಕೈ ಮಾತ್ರ ಕಾಣ್ತಿತ್ತು" ಎಂದರು. ನಾನು ಕುರ್ಚಿಗಳ ಪದ್ಧತಿಯನ್ನು ವಿವರಿಸಿದೆ. "ಓ, ಹೆಲ್ಪರ್ರು" ಎಂದರು. ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವರ ಬಾಯಲ್ಲಿ ಅದು ಕೀಳು ಮಾತಾಗಿರಲಿಲ್ಲ. ಆದರೂ ನನಗದು ಚುಚ್ಚಿತು. ಆ ಹೊರಗಿನ ಕುರ್ಚಿಯಲ್ಲಿ ಕುಳಿತು ತಂದೆಯ ಕಣ್ಣಿಗೆ ಬೀಳಬೇಕೆಂಬುದು ಅಂದಿನಿಂದ ನನ್ನ ಹಟವಾಯಿತು. ಎದುರು ನಿಂತು ತಾಳ ತೋರಿಸಿ ಆರ್ಕೆಸ್ಟ್ರಾ ನಡೆಸುವ ನಿರ್ದೇಶಕಿಯನ್ನು ಕೇಳಿದೆ. ಅಂಕಲ್ ತಾವಾಗಿ ಬಿಟ್ಟುಕೊಟ್ಟರೆ ತಮ್ಮ ಅಭ್ಯಂತರವಿಲ್ಲ ಎಂದರು. ಅಂಕಲ್‌ಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಮರುವಸಂತದಲ್ಲಿ ಗಡ್ಡದ ಭಾವನ ಆ ಮೊದಲ ಸಿಂಫನಿಯನ್ನೇ ನುಡಿಸಿದೆವು. ತಂದೆ ಮೂರನೆಯ ಸಾಲಿನಲ್ಲಿದ್ದರು. ನಿಧಾನಗತಿಯ ಎರಡನೆಯ ಭಾಗದಲ್ಲಿ ಪುಟದ ಕೊನೆ ಬಂತು. ಕಮಾನನ್ನು ಮಡಿಲಿಗಿಳಿಸಿ ಕೈ ಚಾಚಿದೆ. ಮೇಲಕ್ಕೆದ್ದಿದ್ದ ಕಾಗದದ ಮೂಲೆ ಬೆರಳಿಗೆ ಸಿಕ್ಕಿತು. ಸಿಕ್ಕಿಯೂ ನಾನು ತಿರುವಲಿಲ್ಲ. ಒಮ್ಮೆಯಾದರೂ ಅವರು ತಡವರಿಸಲಿ, ಒಂದೇ ಒಂದು ಸ್ವರ ತಪ್ಪಲಿ ಎಂದು ಮನಸ್ಸು ಬಯಸಿತು. ತಾಳದ ಒಂದು ಸುತ್ತು ಕಳೆಯಿತು, ಎರಡು ಕಳೆಯಿತು. ಅಂಕಲ್ ನಿರ್ದೇಶಕಿಯ ಮೇಲೆ ಕಣ್ಣಿಟ್ಟು, ಇನ್ನೂ ತೆರೆಯದ ಪುಟವನ್ನು ನುಡಿಸುತ್ತ ಹೋದರು. ಕೊನೆಗೆ ನಾನೇ ಸೋತು ಪುಟ ತಿರುವಿದೆ. ಅಷ್ಟರಲ್ಲಿ ಎಲ್ಲಿದ್ದೇವೆಂಬುದು ನನಗೆ ತಪ್ಪಿಹೋಗಿತ್ತು. ಸಣ್ಣದೊಂದು ವಿರಾಮ ಬಂದಾಗ ಅವರು ಕಮಾನಿನ ತುದಿಯಿಂದ ಸಾಲನ್ನು ತೋರಿಸಿದರು.

ವೇದಿಕೆಯ ಹಿಂದೆ ವಾದ್ಯಗಳನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದೆವು.

"ಪೇಜ್ ಅಂಟ್ಕೊಂಡಿತ್ತೇನಮ್ಮ?"

"ಹೌದು ಅಂಕಲ್."

"ಆಗತ್ತೆ ಬಿಡು. ಹಳೇ ಪೇಪರ್."

ನಂಬಿದರಲ್ಲ ಎಂದು ಹಗುರಾದೆ. ಇಷ್ಟು ಸುಲಭವಾಗಿ ಮೋಸಹೋಗುವವರಿಗೆ ಆ ಕುರ್ಚಿಯೇಕೆ ಎಂಬ ತಿರಸ್ಕಾರವೂ ಮೂಡಿತೆಂದು ಬರೆಯಲು ಈಗ ಕಷ್ಟವಾಗುತ್ತದೆ.

ಶರತ್ಕಾಲದಲ್ಲಿ ಅಭ್ಯಾಸ ಮತ್ತೆ ಆರಂಭವಾದ ದಿನ ಅಂಕಲ್ ಭುಜದ ನೋವಿನ ಕಾರಣ ಹೇಳಿ ಒಳಗಿನ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದರು. "ಆಚೆ ಕೂತ್ಕೊಳಮ್ಮ. ನಿಮ್ಮಪ್ಪಂಗೂ ಕಾಣಿಸ್ಲಿ" ಎಂದರು. ತಂದೆ ಅವರೊಡನೆ ಯಾವಾಗ ಏನು ಮಾತನಾಡಿದ್ದರೋ ತಿಳಿಯದು. ಎರಡು ವರ್ಷ ನಾನು ಹೊರಗೆ ಕುಳಿತೆ. ಮೊದಲ ಕಛೇರಿಯ ಬಳಿಕ ತಂದೆ, "ಈ ಸಲ ಚೆನ್ನಾಗಿ ಕಾಣಿಸ್ದೆ" ಎಂದರು. ನಾನು ಹಿಗ್ಗುವಷ್ಟರಲ್ಲಿ, "ಆ ಯಜಮಾನ್ರು ಪುಟ ತಿರುಗಿಸೋದು ನೋಡ್ದ್ಯಾ? ಸದ್ದೇ ಇಲ್ಲ. ಕೈಕೆಲ್ಸ ಅಂದ್ರೆ ಅದು" ಎಂದು ಸೇರಿಸಿದರು. ಕುರ್ಚಿ ಸಿಕ್ಕಿತ್ತು, ಹೊಟ್ಟೆಕಿಚ್ಚು ಆರಲಿಲ್ಲ. ಕಾಗದ ಮಗುಚುವುದರಲ್ಲೂ ಅವರು ನನಗಿಂತ ಮೇಲಾಗಿದ್ದರು.

ಕಳೆದ ಚಳಿಗಾಲದಲ್ಲಿ ಅವರು ಕಾಯಿಲೆ ಬಿದ್ದರು, ಹಿಮ ಕರಗುವ ಮೊದಲೇ ತೀರಿಕೊಂಡರು. ನಮ್ಮ ಸ್ಟ್ಯಾಂಡಿನ ಪುಸ್ತಕ ಅವರ ಮನೆಯಲ್ಲೇ ಉಳಿದಿತ್ತು. ಹದಿಮೂರನೆಯ ದಿನ ಕಳೆದ ಮೇಲೆ ನೋವೈಗೆ ಹೋದೆ. ಆಂಟಿ ಪುಸ್ತಕ ತಂದುಕೊಟ್ಟರು. ದೊಡ್ಡಪ್ಪನ ಒಂದು ಸಿಂಫನಿ. ತೆರೆದು ನೋಡಿದೆ. ಮೊದಲ ಎರಡು ಭಾಗಗಳ ಪುಟಗಳಿಗೆಲ್ಲ ಕೆಳಗಿನ ಮೂಲೆಯನ್ನು ಮೇಲಕ್ಕೆ ಮಡಿಸಲಾಗಿತ್ತು. ಮೂರನೆಯ ಭಾಗದಿಂದ ಮುಂದೆ ಪುಟಗಳು ಚಪ್ಪಟೆಯಾಗಿದ್ದವು.

"ಅದೊಂದು ಹುಚ್ಚು ಅವ್ರಿಗೆ" ಎಂದರು ಆಂಟಿ. "ಯಾವ್ದೇ ಪುಸ್ತಕ ಬರ್ಲಿ, ಡೈನಿಂಗ್ ಟೇಬಲ್ ಮೇಲೆ ಇಟ್ಕೊಂಡು ಒಂದೊಂದೇ ಮೂಲೆ ಮಡಿಸೋರು. 'ಪಕ್ಕದಲ್ಲಿರೋ ಹುಡ್ಗಿ ತಿರುಗಿಸ್ಬೇಕಲ್ಲ, ಅಂಟ್ಕೊಂಡ್ರೆ ಅವಳಿಗೆ ಕಷ್ಟ' ಅನ್ನೋರು. ಈ ಸಲ ಹಾಸಿಗೇಲೇ ಕೂತು ಶುರು ಮಾಡಿದ್ರು. 'ನನ್ನ ಜಾಗಕ್ಕೆ ಯಾರು ಬರ್ತಾರೋ' ಅಂತ. ಮುಗ್ಸಕ್ಕಾಗ್ಲಿಲ್ಲ ಕಣೆ."

ಆ ವಸಂತದ ಕಛೇರಿಯಲ್ಲಿ ನನ್ನ ಬೆರಳಿಗೆ ಸಿಕ್ಕಿದ್ದ ಮೂಲೆ ಅವರೇ ಮಡಿಸಿದ್ದು. ಆ ಪುಟ ಅಂಟಿಕೊಂಡಿರಲಾರದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಹಾಗಿದ್ದೂ, ನಾನು ಸುಮ್ಮನೆ ಹೌದೆಂದು ಪಾರಾಗುವಂತೆ ಪ್ರಶ್ನೆ ಕೇಳಿದ್ದರು. ಆಂಟಿಯ ಎದುರು ಪುಸ್ತಕ ಎದೆಗವಚಿಕೊಂಡು ಕುಳಿತೆ. ಅವರು ಕಾಫಿ ತಂದರು.

ಈಗ ಒಳಗಿನ ಕುರ್ಚಿಗೆ ಹತ್ತೊಂಬತ್ತರ ಹುಡುಗಿಯೊಬ್ಬಳು ಬಂದಿದ್ದಾಳೆ. ನನಗಿಂತ ಚೆನ್ನಾಗಿ ನುಡಿಸುತ್ತಾಳೆ. ಅವಳ ಕತ್ತಿನಲ್ಲಿ ಆಗಲೇ ಕಂದು ಗುರುತು ಮೂಡುತ್ತಿದೆ. ಮೊದಲ ಅಭ್ಯಾಸದ ದಿನ ಅದನ್ನು ಕಂಡು ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಎದ್ದಿತು. ಮನೆಗೆ ಬಂದು, ಊಟದ ಮೇಜಿನ ಮೇಲೆ ಪುಸ್ತಕವಿಟ್ಟುಕೊಂಡು, ಉಳಿದ ಪುಟಗಳ ಮೂಲೆಗಳನ್ನು ಒಂದೊಂದಾಗಿ ಮಡಿಸಿದೆ. ಅಂಕಲ್ ಮಡಿಸಿದಷ್ಟು ನೇರವಾಗಿ ಬರಲಿಲ್ಲ.