ಅಕ್ಕ ಬರೆದ ನಡತೆ ಪತ್ರ

ಹಂಗಾರಕಟ್ಟೆಯ ನಮ್ಮ ನೆರೆಮನೆಯ ಅಕ್ಕ ಮೀನು ಕೊಯ್ಯುತ್ತಲೇ ಮಗಳಿಗೆ ಪಾಠ ಹೇಳುತ್ತಿದ್ದರು. ಐದನೇ ಕ್ಲಾಸಿನಲ್ಲಿ ಹುಡುಗಿ ಕಾಯಿಲೆ ಬಿದ್ದು ಶಾಲೆ ಬಿಟ್ಟ ಮೇಲೆ ಅವರೇ ಅವಳ ಟೀಚರು. ಉತ್ತರ ಸರಿಯಿದ್ದರೂ ಕೈಯಲ್ಲಿದ್ದ ಬಂಗಡೆಯನ್ನು ಕೋಲಿನ ಹಾಗೆ ಎತ್ತಿ, "ಎಂತಕ್ಕೆ? ಕಾರಣ ಹೇಳ್" ಎನ್ನುತ್ತಿದ್ದರು. ಹುಡುಗಿ ಮುಕ್ತ ಶಾಲೆಯ ಪರೀಕ್ಷೆ ಕಟ್ಟಿ ಹನ್ನೆರಡನೆಯದನ್ನೂ ಪಾಸು ಮಾಡಿದಳು.

ಆ ಅಂಕಪಟ್ಟಿ ಡಿಗ್ರಿ ಕಾಲೇಜಿನಲ್ಲಿ ನಡೆಯುತ್ತದೋ ಇಲ್ಲವೋ ಎಂದು ಹೆದರಿ, ಕುಂದಾಪುರದ ಕಾಲೇಜಿಗೆ ಮಗಳ ಜೊತೆ ನನ್ನನ್ನೂ ಕರೆದುಕೊಂಡು ಹೋದರು. ಗುಮಾಸ್ತರು ಅದನ್ನು ತಿರುಗಿಸಿ ನೋಡಿ ಒಪ್ಪಿಕೊಂಡರು.

"ಆದ್ರೆ ಓದಿದ ಶಾಲಿಯಿಂದ ನಡತೆ ಪತ್ರ ಬೇಕಲ್ದಾ?" ಎಂದರು.

"ಶಾಲಿ ಅಂದ್ರೆ ನಾನೇ. ಒಂದ್ ಹಾಳೆ ಕೊಡಿ" ಎಂದು ಅಕ್ಕ ಅಲ್ಲೇ ನಿಂತು ಬರೆದರು: 'ಹುಡುಗಿ ಒಳ್ಳೆಯವಳು. ಬುದ್ಧಿವಂತೆ. ಉಂಡ ಬಟ್ಟಲು ತೊಳೆಯುವುದಿಲ್ಲ. ಎದುರು ಮಾತಾಡುತ್ತಾಳೆ.'

ಗುಮಾಸ್ತರು ತಲೆ ಚಚ್ಚಿಕೊಂಡು ನಮ್ಮನ್ನೆಲ್ಲ ಪ್ರಾಂಶುಪಾಲರ ಕೋಣೆಗೆ ಕರೆದೊಯ್ದರು. ಪ್ರಾಂಶುಪಾಲರು ಪತ್ರವನ್ನು ಗಟ್ಟಿಯಾಗಿ ಓದಿ ಮುಗಿಸುತ್ತಿದ್ದಂತೆ ಮಗಳು ಸಿಡಿದಳು.

"ಸುಳ್ಳ್! ನಿನ್ನೆ ಬಟ್ಲ್ ತೊಳ್ದದ್ ಯಾರ್, ಅಮ್ಮ?"

"ಕಡೇ ಸಾಲ್ ಮಾತ್ರ ಸತ್ಯ, ಈಗ್ಳೇ ಗೊತ್ತಾಯ್ತ್" ಎಂದು ಪ್ರಾಂಶುಪಾಲರು ನಗುತ್ತಾ ಅರ್ಜಿಗೆ ಸಹಿ ಹಾಕಿದರು.

ಹುಡುಗಿ ಕುಣಿಯುತ್ತಾ ತನ್ನ ಕ್ಲಾಸು ನೋಡಲು ಓಡಿದಳು. ಅಕ್ಕ ಮಾತ್ರ ಹೊರಗೆ ಬಂದವರೇ ಮೆಟ್ಟಿಲ ಮೇಲೆ ಕುಸಿದು ಕೂತರು. ಸೀಟು ಸಿಕ್ಕಿತಲ್ಲ, ಇನ್ನೆಂತ ಎಂದು ನಾನು ಕೇಳಿದೆ.

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಾಳೆಯಿಂದ ನಾನ್ ಯಾರಿಗ್ ಪಾಠ ಹೇಳೂದ್ ಮಾರಾಯ್ತಿ?"