ಊಟದ ಮೇಲಿನ ನಿದ್ದೆ

"ಊಟ ಆದ ಮ್ಯಾಲ ಅಡ್ಡಾಗೂದು ರೋಗ ಏನ್ರೀ ಡಾಕ್ಟ್ರ? ಹಂಗಾರ ಇಡೀ ಧಾರವಾಡಾನ ಅಡ್ಮಿಟ್ ಮಾಡ್ಕೋರಿ!"

ಲಂಡನ್ನಿನ ಪಿನ್ನರ್‌ನಿಂದ ನಮ್ಮ ಆಸ್ಪತ್ರೆಗೆ ಬಂದಿದ್ದ ಧಾರವಾಡ ಮೂಲದ ನಿವೃತ್ತ ಮೇಷ್ಟ್ರು ಜ್ವರದಲ್ಲೂ ನನ್ನನ್ನು ಗದರಿದರು. ಜಾಂಬಿಯಾದ ಕಾಡು ಸುತ್ತಿ ಬಂದವರು. ಮಲೇರಿಯಾ ಇರಬಹುದೆಂದು ಅವರ ರಕ್ತ ನೋಡಿದರೆ, ಮೈಕ್ರೋಸ್ಕೋಪಿನಡಿ ಕಂಡದ್ದು ನಿದ್ರಾರೋಗದ ಪರೋಪಜೀವಿ. ತ್ಸೆತ್ಸೆ ಎಂಬ ನೊಣ ಕಚ್ಚಿದರೆ ಬರುತ್ತದೆ, ಮಿದುಳಿಗೆ ಏರಿದರೆ ಹೊತ್ತಲ್ಲದ ಹೊತ್ತಲ್ಲಿ ನಿದ್ದೆ ಎಳೆಯುತ್ತದೆ, ಬಿಟ್ಟರೆ ಕೊಲ್ಲುತ್ತದೆ. ಅದು ಮಿದುಳಿಗೆ ಏರಿದೆಯೇ ಎಂದು ತಿಳಿಯಲು ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯಬೇಕಿತ್ತು. ಅವರು ಸುತರಾಂ ಒಪ್ಪಲಿಲ್ಲ.

ನಾನೂ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ.

"ಅಂಕಲ್, ನಿದ್ದೆ ಊಟ ಆದ್ಮೇಲೆ ಮಾತ್ರ ಬರುತ್ತಾ, ಮೊದಲೂ ಬರುತ್ತಾ?"

ಮಂಚದ ಪಕ್ಕ ಕೂತಿದ್ದ ಅವರ ಹೆಂಡತಿ ಮೆಲ್ಲಗೆ ಹೇಳಿದರು. "ಮೊನ್ನೆ ಕೈಯಾಗ ರೊಟ್ಟಿ ಹಿಡಕೊಂಡ ಮಲಗಿಬಿಟ್ರು. ಪಲ್ಯಾ ಇನ್ನೂ ಬಡಿಸಿದ್ದಿಲ್ಲರಿ."

ಮೇಷ್ಟ್ರು ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ ಗೋಡೆಯ ಕಡೆ ಮಗ್ಗುಲಾಗಿ ನನ್ನ ಸೂಜಿಗೆ ಬೆನ್ನು ಕೊಟ್ಟರು.

ರೋಗ ಮಿದುಳಿಗೆ ಏರಿತ್ತು. ಅದಕ್ಕೆ ತಕ್ಕ ಔಷಧ ಕೊಟ್ಟೆವು, ಗುಣವಾದರು. ಮತ್ತೆ ತಪಾಸಣೆಗೆ ಬಂದಾಗ ಅವರದು ಒಂದೇ ದೂರು.

"ಮಧ್ಯಾಹ್ನ ಕಣ್ಣು ಹತ್ತೂದ ತಡ, ಇಕಿ ಎಬ್ಬಿಸಿ ಕೇಳ್ತಾಳ್ರೀ, ಇದು ಯಾವ ನಿದ್ದಿ ಅಂತ!"

ಈ ರೋಗ ಮರುಕಳಿಸುವುದೂ ಉಂಟು. ಅದಕ್ಕೇ, ಎಬ್ಬಿಸೋದು ಮಾತ್ರ ಬಿಡಬೇಡಿ ಆಂಟಿ ಅಂದೆ. ಧಾರವಾಡದವರಿಗೆ ಇದಕ್ಕಿಂತ ಕಠಿಣವಾದ ಪಥ್ಯ ಇರಲಾರದು.